ಬೇಲಿಯ ಹತ್ತಿರ ನಿಲ್ಲುವವರು

ನಮ್ಮ ಮನೆಯಲ್ಲಿ ಪ್ರವಾಸವೆಂದರೆ ನನ್ನ ಅಡುಗೆಮನೆ ಬೇರೆ ಊರಿಗೆ ಹೋಗುವುದು, ಅಷ್ಟೇ. ಊಟಿಯಲ್ಲಿ ಎಲ್ಲರೂ ದೋಣಿ ಹತ್ತಿದರು, ನಾನು ದಡದಲ್ಲಿ ಚಪ್ಪಲಿ ಕಾದೆ. ಗೋವಾದಲ್ಲಿ ಟವೆಲ್ಲುಗಳ ರಾಶಿಯ ಪಕ್ಕ ಕೂತು ಸಮುದ್ರ ನೋಡಿದೆ. ಹಾಗಾಗಿ ಈ ಸಲ ಹಿಮ ನೋಡಲು ಜಾರ್ಜಿಯಾ ದೇಶಕ್ಕೆ ಎಂದು ನಿಶ್ಚಯವಾದ ದಿನವೇ ನಾನು ಹಟ ತೊಟ್ಟಿದ್ದೆ. ನಾನೂ ಹಿಮದ ಮೇಲೆ ಜಾರುವ ಸ್ಕೀ ಕಲಿಯಬೇಕು.

ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವಾಗ ಕ್ಯಾಂಪಸ್ಸಿನ ಇಳಿಜಾರಿನಲ್ಲಿ ಸ್ಕೂಟಿಯ ಇಂಜಿನ್ ಆರಿಸಿ ಸುಮ್ಮನೆ ಬಿಟ್ಟುಬಿಡುತ್ತಿದ್ದೆ. ಸದ್ದಿಲ್ಲ, ಬರೀ ಗಾಳಿ. ಆ ಸುಖ ಮತ್ತೆ ಸಿಕ್ಕಿಲ್ಲ. ಸ್ಕೂಟಿ ಈಗಲೂ ಇದೆ. ಮುಂದೆ ತರಕಾರಿ ಚೀಲ, ಹಿಂದೆ ಇಬ್ಬರು ಹೆಣ್ಣುಮಕ್ಕಳು, ದಾರಿಯುದ್ದಕ್ಕೂ ಬಸವೇಶ್ವರನಗರದ ಹಂಪುಗಳು.

ಭಾನುವಾರ ತಿಂಡಿಯಾದ ಮೇಲೆ ಮಕ್ಕಳಿಗೆ ಯಾವ ಸ್ಕೀ ಕ್ಲಾಸು ಎಂದು ಸಭೆ ಸೇರಿತು. ಮಾವ ಸಿದ್ದಬಸಪ್ಪ, ಅತ್ತೆ ಶಾಂತವ್ವ, ನನ್ನ ಗಂಡ ನಾಗಭೂಷಣ್, ಮತ್ತು ನಾನು, ಚೈತನ್ಯಾ. ಶರಣ್ಯಾಗೆ ಎಂಟು ವರ್ಷ, ತನ್ಮಯಿಗೆ ನಾಲ್ಕು. ಇಡೀ ದಿನದ ಕ್ಲಾಸಿಗೆ ಸೇರಿಸಿದರೆ ಅದೇ ಹೊತ್ತಿಗೆ ದೊಡ್ಡವರ ಕ್ಲಾಸೂ ನಡೆಯುತ್ತದೆ. ನನಗೆ ಬೇಕಾದದ್ದು ಅದು. ಅರ್ಧ ದಿನದ್ದಾದರೆ ಮಕ್ಕಳನ್ನು ಕರೆತರಲು ಯಾರಾದರೂ ಹೋಗಬೇಕು. ಆ ಯಾರಾದರೂ ಯಾರು ಎನ್ನುವುದು ನಮ್ಮ ಬೀದಿ ನಾಯಿಗೂ ಗೊತ್ತು.

"ಇಡೀ ದಿನ ಅಂದ್ರೆ ಮಧ್ಯಾಹ್ನ ಅಲ್ಲೇ ಊಟ. ಏನು ಹಾಕ್ತಾರೋ ಏನೋ," ಎಂದರು ಮಾವ.

"ಚೈತನ್ಯಾ ಇದಾಳಲ್ಲ, ಚಪಾತಿ ತಗೊಂಡು ಹೋಗಿ ತಿನ್ನಿಸಿ ಬರ್ತಾಳೆ," ಎಂದ ನನ್ನ ಗಂಡ, ಫೋನಿನಿಂದ ತಲೆಯನ್ನೂ ಎತ್ತದೆ.

"ಬೆಳಗ್ಗೆನೇ ಡಬ್ಬಿಗೆ ಹಾಕಿ ಕಳಿಸ್ತೀನಿ. ದಿನಾ ಸ್ಕೂಲಿಗೆ ಕಳಿಸಲ್ವಾ?" ಎಂದೆ. ಅದು ದಾಟಿತು.

ಆಮೇಲೆ ಕೊರಳಿನ ಮಾತು ಬಂತು. ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆಂದು ಮಕ್ಕಳ ಕೊರಳಲ್ಲಿ ಯಾವ ದಾರವೂ ಇರಕೂಡದು ಎಂಬುದು ಅಲ್ಲಿನ ನಿಯಮ. ಹೋದ ವರ್ಷವಷ್ಟೇ ಶರಣ್ಯಾಗೆ ದೀಕ್ಷೆಯಾಗಿದೆ. ಕೊರಳಲ್ಲಿ ಶಿವದಾರ, ಅದರಲ್ಲಿ ಪುಟ್ಟ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ.

"ಲಿಂಗ ಮೈಮ್ಯಾಲಿಂದ ತೆಗೆಯೂ ಹಂಗಿಲ್ಲ," ಎಂದರು ಅತ್ತೆ. ಅವರು ಹಾವೇರಿ ಕಡೆಯವರು, ಅವರ ಮಾತಿಗೆ ಎರಡು ಮಾತಿಲ್ಲ.

"ಚೈತನ್ಯಾ ಇದಾಳಲ್ಲಮ್ಮ, ಕ್ಲಾಸ್ ಮುಗಿಯೋವರೆಗೂ ಅವಳು ಹಿಡ್ಕೊಂಡು ನಿಂತಿರ್ತಾಳೆ."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಹಳೆಯ ಕಾಟನ್ ಸೀರೆಯೊಂದರಿಂದ ಪಟ್ಟಿ ಹರಿದು ತಂದೆ. ಕರಡಿಗೆಯನ್ನು ಅದರಲ್ಲಿ ಸುತ್ತಿ ಶರಣ್ಯಾಳ ತೋಳಿಗೆ ಕಟ್ಟಿ, ಮೇಲೆ ಸ್ವೆಟರ್ ಹಾಕಿಸಿ, ಕುಣಿ ಎಂದೆ. ಅವಳು ಸೋಫಾದಿಂದ ಸೋಫಾಕ್ಕೆ ಹಾರಿದಳು. ಗಂಟು ಕದಲಲಿಲ್ಲ.

ಅತ್ತೆ ತೋಳು ಮುಟ್ಟಿ ನೋಡಿದರು. "ನಮ್ಮಜ್ಜಿ ಹೊಲಕ್ಕ ಹೋಗೂ ಮುಂದ ಹಿಂಗ ಕಟಗೊಂತಿದ್ಲು. ನಡೀತೈತಿ," ಎಂದವರು ನನ್ನ ಮುಖವನ್ನೇ ನೋಡಿದರು. "ನಿನಗೂ ಕಲಿಯೂ ಆಸೆ ಐತೇನು? ಕಲಿಯವ್ವಾ."

ಮದುವೆಯಾಗಿ ಇಷ್ಟು ವರ್ಷವಾದರೂ ನಿನಗೆ ಏನು ಆಸೆ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾಗಭೂಷಣ್ ಭುಜ ಕುಣಿಸಿ, ವಿಜಯನಗರದ ಟ್ರಾವೆಲ್ಸಿನ ಶಶಿಕುಮಾರನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಮಕ್ಕಳಿಗೆ ಇಡೀ ದಿನದ್ದು, ದೊಡ್ಡವರ ಕ್ಲಾಸಿಗೆ ಎರಡು ಸೀಟು. ಎರಡು!

"ಆಯ್ತು ಸಾರ್. ಒಂದೇ ವಿಷ್ಯ. ಚಿಕ್ಕ ಪಾಪುಗೆ ಐದು ತುಂಬಿಲ್ವಲ್ಲ, ಅತ್ರೆ ಎತ್ಕೊಳ್ಳೋಕೆ ಮನೆಯವ್ರೊಬ್ರು ಮಕ್ಕಳ ಕ್ಲಾಸಿನ ಬೇಲಿ ಹತ್ರನೇ ಇರ್ಬೇಕಂತೆ. ಯಾರಿರ್ತಾರೆ?"

"ನಾನಿದೀನಲ್ಲ."

ಯಾರ ದನಿ ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ನನ್ನದೇ. ಯಾರೂ ನನ್ನತ್ತ ನೋಡಿರಲಿಲ್ಲ. ಯಾರೂ ನನ್ನ ಹೆಸರು ಎತ್ತಿರಲಿಲ್ಲ.

ಮಾವ ತೆರೆದ ಬಾಯಿ ಮುಚ್ಚಿಕೊಂಡರು. "ನಾನು ಹೇಗೂ ಜಾರೋನಲ್ಲ, ನಿಂತ್ಕೋತೀನಿ ಅನ್ನೋಣ ಅಂತಿದ್ದೆ," ಎಂದರು. "ಆದ್ರೂ ತಾಯಿ ಇದ್ರೆ ಮಗೂಗೆ ಧೈರ್ಯ ಬಿಡು."

ಇಲ್ಲ, ನೀವೇ ನಿಲ್ಲಿ ಮಾವ ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈಗ ಹಾಗೆಂದರೆ ಮಗಳಿಗಿಂತ ಆಟ ಹೆಚ್ಚಾಯಿತೇ ಅಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕುತ್ತಾ ಕೂತೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ಎದುರಿಸಲಾಗದೆ ತಲೆ ತಗ್ಗಿಸಿದೆ.

"ಹಾಗಾದ್ರೆ ದೊಡ್ಡವರದ್ದು ಒಂದೇ ಸೀಟ್ ಹಾಕು ಗುರು, ನಂದು," ಎಂದ ನಾಗಭೂಷಣ್.

ಶರಣ್ಯಾ ಬಂದು ತೋಳು ಚಾಚಿದಳು. "ಅಮ್ಮಾ, ಬಿಚ್ಚು. ತುಂಬಾ ಬಿಗಿ ಕಟ್ಟಿದೀಯ."

ಕಟ್ಟಿದವಳು ನಾನೇ. ಆದರೂ ಆ ಗಂಟನ್ನು ಬಿಚ್ಚಲು ನನ್ನಿಂದಾಗಲಿಲ್ಲ. ಕೊನೆಗೆ ಅತ್ತೆ ಬಿಚ್ಚಿದರು.