ಅತ್ತಿಗೆ ನೀರಿಗಿಳಿದ ದಿನ

ನನ್ನ ಅತ್ತಿಗೆ ಎಲೆಕ್ಟ್ರಿಷಿಯನ್. ನಾನು ಈಜು ಕಲಿಸುವ ಕೊಳದ ಪಂಪಿಗೆ ಹೊಸ ಸ್ವಿಚ್ ಹಾಕಲು ಅವರು ಬಂದ ಬೆಳಿಗ್ಗೆ, ಮಂಡಿನೋವಿನ ಎಂಟು ಮಂದಿ ಹೆಂಗಸರು ನೀರಿನಲ್ಲಿ ನಿಂತು ಕಾಲಾಡಿಸುತ್ತಿದ್ದರು. ಸೂರಿನಡಿಯ ಕೊಳ, ನೀರೊಳಗಿನ ದೀಪಗಳು ಹಗಲೂ ಉರಿಯುತ್ತವೆ.

"ಈ ಏಣಿ ಹಿಡಿದ್ರೆ ಕೈ ಜುಮ್ ಅನ್ನುತ್ತೆ ಕಣಮ್ಮಾ," ಎಂದರು ಅವರಲ್ಲೊಬ್ಬರಾದ, ಕೊಳದ ಮ್ಯಾನೇಜರರ ತಾಯಿ.

"ನಮ್ಮ ವಯಸ್ಸಿಗೆ ಜುಮ್ ಅನ್ನದೇ ಇರೋದು ಯಾವುದಿದೆ ಹೇಳಿ," ಎಂದು ಪಕ್ಕದವರು ನಕ್ಕರು. ನಾನೂ ನಕ್ಕೆ.

ಅತ್ತಿಗೆ ನಗಲಿಲ್ಲ. "ಯಾರೂ ಏಣಿ ಮುಟ್ಟಬೇಡಿ! ಇದ್ದಲ್ಲೇ ಇರಿ!" ಎಂದು ಕೂಗಿ ಪಂಪಿನ ಕೋಣೆಗೆ ಓಡಿದರು. ದೀಪಗಳೆಲ್ಲ ಒಮ್ಮೆಲೇ ಆರಿದವು. ಆಮೇಲಷ್ಟೇ ಹೆಂಗಸರನ್ನು ಮೇಲೆ ಹತ್ತಿಸಿದೆವು.

ಮ್ಯಾನೇಜರ್ ಪಂಪಿನ ಕೋಣೆಗೆ ಧಾವಿಸಿ ಬಂದರು. "ನಾಡಿದ್ದು ಸ್ಪರ್ಧೆ ಇದೆ ಮೇಡಂ. ಕೊಳ ಮುಚ್ಚಿದ್ರೆ ನನ್ನ ಮಾನ ಹೋಗುತ್ತೆ."

ಅತ್ತಿಗೆ ಗೋಡೆಯ ವೈರಿಂಗ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ನೀರೊಳಗೆ ಹನ್ನೆರಡು ವೋಲ್ಟಿನ ದೀಪಗಳಷ್ಟೇ ಇರಬೇಕಿತ್ತು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಯಾರೋ ಬೇರೆ ದೀಪ ಕೂರಿಸಿ ನೇರ ಮೇನ್ ಲೈನಿಗೇ ಜೋಡಿಸಿದ್ದರು. ಟೇಪು ಸುತ್ತಿದ ಜಾಯಿಂಟಿನೊಳಗೆ ನೀರು. ಏಣಿಯ ಅರ್ಥಿಂಗ್ ತಂತಿ ತುಕ್ಕು ಹಿಡಿದು ಕಳಚಿತ್ತು. ಕರೆಂಟು ಸೋರಿದರೆ ತಾನೇ ಆಫ್ ಆಗುವ ಟ್ರಿಪ್ ಸ್ವಿಚ್ಚನ್ನು ತಪ್ಪಿಸಿ ಒಂದು ತುಂಡು ತಂತಿ ಹಾದುಹೋಗಿತ್ತು.

"ಅದು ಪದೇಪದೇ ಬೀಳ್ತಿತ್ತು," ಮ್ಯಾನೇಜರ್ ತೊದಲಿದರು. "ನಾನೇ ಹಾಗೆ ಮಾಡಿಸಿದ್ದು."

"ನೀವ್ಯಾರೂ ಬೀಳಬಾರದು ಅಂತ ಅದು ಬೀಳ್ತಿತ್ತು ಸಾರ್. ಬೊಗಳೋ ನಾಯಿ ಬಾಯಿ ಕಟ್ಟಿ ನಿದ್ದೆ ಮಾಡಿದ್ರಿ."

ಮ್ಯಾನೇಜರ್ ಕಿಟಕಿಯಾಚೆ ಟವೆಲ್ ಹೊದ್ದು ಕುಳಿತ ತಾಯಿಯನ್ನು ನೋಡಿದರು. ಮತ್ತೆ ಸ್ಪರ್ಧೆಯ ಮಾತೆತ್ತಲಿಲ್ಲ.

ಎರಡು ದಿನ ಅತ್ತಿಗೆಗೆ ಊಟದ ಪರಿವೆ ಇರಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರನ್ನು ನೀರಿನಿಂದ ದೂರ ಕೂರಿಸಿದರು. ಹನ್ನೆರಡು ವೋಲ್ಟಿನ ದೀಪಗಳನ್ನೇ ತರಿಸಿ, ನಡುವೆ ಒಂದೂ ಜಾಯಿಂಟ್ ಇಲ್ಲದಂತೆ ಕೇಬಲ್ ಎಳೆದರು. ಏಣಿ, ಕಂಬಿ, ಪಂಪು ಎಲ್ಲವನ್ನೂ ಒಂದೇ ತಾಮ್ರದ ಅರ್ಥಿಂಗ್ ತಂತಿಗೆ ಬಿಗಿದರು. ಟ್ರಿಪ್ ಸ್ವಿಚ್ಚನ್ನು ಹತ್ತು ಸಲ ಬೇಕೆಂದೇ ಬೀಳಿಸಿ ನೋಡಿದರು.

ಸ್ಪರ್ಧೆಯ ಬೆಳಿಗ್ಗೆ ದೀಪ ಹೊತ್ತಿಸಿ, ಮೀಟರ್ ಹಿಡಿದು ಕೊಳದ ಸುತ್ತ ಕರೆಂಟಿನ ಸೋರಿಕೆ ಅಳೆದರು. ಎಲ್ಲೆಲ್ಲೂ ಸೊನ್ನೆ. ಆದರೂ ಈಜುಗಾರರು ಅಂಚಿನಲ್ಲೇ ನಿಂತು ಮುಖ ಮುಖ ನೋಡಿಕೊಂಡರು. ಸುದ್ದಿ ಎಲ್ಲರಿಗೂ ತಲುಪಿತ್ತು.

ಅತ್ತಿಗೆ ಚಪ್ಪಲಿ ಬಿಟ್ಟು, ಹಾಕಿದ ಬಟ್ಟೆಯಲ್ಲೇ ಏಣಿ ಇಳಿದರು. ಅವರಿಗೆ ಈಜು ಬಾರದು. ಕತ್ತಿನವರೆಗೆ ನೀರಿನಲ್ಲಿ ಕಂಬಿ ಹಿಡಿದು ನಿಂತವರ ಹಲ್ಲು ಕಟಕಟಿಸುತ್ತಿತ್ತು.

"ಏನತ್ತಿಗೆ, ಕರೆಂಟಾ?" ಎಂದು ಗಾಬರಿಯಿಂದ ಕೇಳಿದೆ.

"ಕರೆಂಟು ನನ್ನ ಮಾತು ಕೇಳುತ್ತೆ ಕಣೇ. ಈ ನೀರೇ ಕೇಳಲ್ಲ. ಬೇಗ ಬಾ!"

ನಾನು ಧುಮುಕಿ ಅವರ ಸೊಂಟ ಹಿಡಿದುಕೊಂಡೆ. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಸ್ಪರ್ಧೆ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು, ಯಾರೂ ಗೊಣಗಲಿಲ್ಲ.