ಎದ್ದು ನಡೆಯುವ ಬೆಟ್ಟ

ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಡಿಯೊ ಗೇಮ್ ಮಾಡೋಣವೆಂದು ಶಿವಲೀಲಾ, ನಾಹೀದಾ, ದುರುಗೇಶ ಮೂವರೂ ಕೂಡಲೇ ಒಪ್ಪಿದ್ದರು. ಜಗಳ ಹತ್ತಿದ್ದು ಆಟದ ಲೋಕ ಎಂಥದಿರಬೇಕು ಎಂಬುದಕ್ಕೆ. ಗಂಗಾವತಿಯ ಕಾಲೇಜಿನ ಲ್ಯಾಬಿನಲ್ಲಿ ಕೂತು ದುರುಗೇಶ ಹಿಮ, ಕೋಟೆ, ಬೆಂಕಿಯುಗುಳುವ ಡ್ರ್ಯಾಗನ್‌ಗಳ ಚಿತ್ರ ತೋರಿಸಿದ.

"ಇವೆಲ್ಲ ನೆಟ್‌ನ್ಯಾಗ ಪುಕ್ಕಟ ಸಿಗತಾವ. ನಾವು ಕೋಡ್ ಬರದ್ರ ಮುಗೀತು."

"ಹಿಮಾ ನಮ್ಮೊಳಗ ಯಾರರ ನೋಡೀವೇನು?" ಎಂದಳು ನಾಹೀದಾ. ಗುಂಪಿನಲ್ಲಿ ಚಿತ್ರ ಬಿಡಿಸುವವಳು ಅವಳೇ. ತನ್ನ ಟ್ಯಾಬ್ ತಿರುಗಿಸಿ ತೋರಿಸಿದಳು. ಊರಾಚೆಯ ಗುಡ್ಡದಂತೆ ಬಂಡೆಯ ಮೇಲೆ ಬಂಡೆ. ದಿಟ್ಟಿಸಿ ನೋಡಿದರೆ, ಕಾಲ ಮೇಲೆ ತಲೆಯಿಟ್ಟು ಮಲಗಿದ ದೊಡ್ಡ ಮೃಗ. "ಹೊಳಿ ಬತ್ತಿದಾಗ ಇವು ಎದ್ದು ನೀರು ಹುಡುಕ್ಕೋತ ಹೊಂಡತಾವ. ಆಟ ಆಡೋರು ಅವನ್ನ ಮತ್ತ ಮಲಗಿಸಬೇಕು."

ಶಿವಲೀಲಾಳಿಗೆ ಮೈ ಜುಮ್ಮೆಂದಿತು. ಇಬ್ಬರು ಒಂದು ಕಡೆಯಾದರು. "ಆತು, ನಿಮ್ಮಿಷ್ಟ," ಎಂದು ದುರುಗೇಶ ಲ್ಯಾಪ್‌ಟಾಪನ್ನು ತುಸು ಜೋರಾಗಿಯೇ ಮುಚ್ಚಿದ.

ಚಿತ್ರ ನಾಹೀದಾಳಿಗೆ, ಕೋಡ್ ದುರುಗೇಶನಿಗೆ, ಕಥೆ ಮತ್ತು ಹಂತಗಳು ತನಗೆ ಎಂದು ಶಿವಲೀಲಾ ಕೆಲಸ ಹಂಚಿದಳು. ಹೊರಗೆ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ತಾಕೀತು ಮಾಡಿದಳು.

ಮೊದಲ ಪರಿಶೀಲನೆಯ ದಿನ ಸುಕನ್ಯಾ ಮೇಡಂ ಬಸವಕುಮಾರನ ಗುಂಪನ್ನು ಮೊದಲು ಕರೆದರು. ಬಸವಕುಮಾರನೂ ಅವನ ಜೊತೆಗಾರ ಇಲಿಯಾಸನೂ ಪರದೆ ಹಚ್ಚಿದರು. ಬಂಡೆಗಳ ಗುಡ್ಡವೊಂದು ಮೈಮುರಿದು ಎದ್ದು, ಬತ್ತಿದ ಹೊಳೆಯ ಕಡೆ ನಡೆಯತೊಡಗಿತು. ಅದು ತಮ್ಮದೇ ಮೃಗವೆಂದು ಶಿವಲೀಲಾಳಿಗೆ ಕೂಡಲೇ ಗೊತ್ತಾಯಿತು. ತಿರುಗಿ ನೋಡಿದರೆ ದುರುಗೇಶ ತಲೆ ತಗ್ಗಿಸಿದ್ದ.

ಅವಳಿಗೆ ಆಗ ನೆನಪಾಯಿತು. ಹಿಂದಿನ ವಾರ ರೈಸ್ ಮಿಲ್ಲಿನ ಪಕ್ಕದ ಚಾದಂಗಡಿಯಲ್ಲಿ ಬಸವಕುಮಾರನೂ ದುರುಗೇಶನೂ ತಲೆಗೆ ತಲೆ ಹಚ್ಚಿ ಕೂತಿದ್ದರು. ಇವಳನ್ನು ಕಂಡದ್ದೇ ದುರುಗೇಶ ಎದ್ದುಬಿಟ್ಟಿದ್ದ.

"ಆವತ್ತ ಚಾದಂಗಡ್ಯಾಗ ಬಸವಕುಮಾರನ ಜೋಡಿ ಏನು ಮಾತಾಡಿದಿ?" ಎಂದು ಕೇಳಿದಳು.

"ಏನಿಲ್ಲ ಬಿಡು."

ಆ 'ಏನಿಲ್ಲ' ಅವಳ ಮನಸ್ಸಿಗೆ ಮುಳ್ಳಿನಂತೆ ನೆಟ್ಟಿತು. ಅಲ್ಲಿಂದ ಅವನು ಮಾಡಿದ್ದೆಲ್ಲ ಕಳ್ಳತನವಾಗಿಯೇ ಕಂಡಿತು. ಫೋನ್ ಬಂದರೆ ಹೊರಗೆ ಯಾಕೆ ಹೋಗುತ್ತಾನೆ? ತನ್ನೂರು ಮರಳಿಯಿಂದ ಬರುವ ಬಸ್ಸು ತಡವಾಯಿತೆಂದರೆ ನಿಜವೇ? ನಾಹೀದಾಳ ಮೇಲೆ ಮಾತ್ರ ಅನುಮಾನ ಸುಳಿಯಲಿಲ್ಲ. ಇಲಿಯಾಸ ಅವಳ ಚಿಕ್ಕಪ್ಪನ ಮಗನೇ ಆದರೂ, ಮನೆ ಪಾಲಾದ ಮೇಲೆ ಎರಡೂ ಮನೆಯವರು ಮಾತು ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಶಿವಲೀಲಾ ಪ್ರಾಜೆಕ್ಟಿನ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ನಾಹೀದಾಳಿಗಷ್ಟೇ ಹೇಳಿದಳು. ದುರುಗೇಶ ಕೋಡ್ ಸೇರಿಸಲು ಕೂತಾಗ ಪ್ರಾಜೆಕ್ಟು ತೆರೆಯಲಿಲ್ಲ.

"ನನಗೊಬ್ಬನಿಗೇ ಬಂದ್ ಮಾಡಿಯೇನು?"

"ನಮ್ಮ ಕಥಿ ಅವರ ಕೈಗಿ ಹೆಂಗ ಹೋತು ಅಂತ ಹೇಳು, ತೆಗೀತೀನಿ."

ಅವನು ಅವಳ ಮುಖವನ್ನೇ ನೋಡಿದ. ಲ್ಯಾಪ್‌ಟಾಪ್ ಚೀಲಕ್ಕಿಟ್ಟು ಎದ್ದು ಹೋದವನು ಮತ್ತೆ ಲ್ಯಾಬಿಗೆ ಬರಲಿಲ್ಲ.

ಉಳಿದ ಚಿತ್ರ ನೋಡಲೆಂದು ಶಿವಲೀಲಾ ನಾಹೀದಾಳ ಮನೆಗೆ ಹೋದಳು. ಒಂದು ತಿಂಗಳು ಈ ಮಗನ ಮನೆ, ಒಂದು ತಿಂಗಳು ಆ ಮಗನ ಮನೆ ಎಂದು ಇರುತ್ತಿದ್ದ ನಾಹೀದಾಳ ಅಜ್ಜಿ, ತಂದೆಯ ತಾಯಿ ಸೈದಾನಬಿ ಅಲ್ಲಿಗೆ ಬಂದಿದ್ದಳು. ಮುದುಕಿ ಟ್ಯಾಬಿಗೆ ಕಣ್ಣು ಹಚ್ಚಿ ನಕ್ಕಳು.

"ಯವ್ವಾ, ನನ್ನ ಕಲ್ಲಿನ ಜಾನವಾರ! ಇಲಿಯಾಸನೂ ಇದನ್ನ ತೋರ್ಸ್ಯಾನ. ಅವನ್ದು ನಡೀತೈತಿ."

"ಆಯಿ, ಇದು ನಿಮ್ಮ ಕಥೀನಾ?" ಎಂದಳು ಶಿವಲೀಲಾ.

"ಮತ್ಯಾರ್ದು? ಉಣ್ಣಾಕ ಒಲ್ಲೆ ಅಂದ್ರ ಇಬ್ರಿಗೂ ಇದ್ನ ಹೇಳಿ ಉಣಸೀನಿ."

ನಾಹೀದಾಳ ಮುಖ ಕೆಂಪಾಯಿತು. "ಮುದುಕಿ ಕಥಿ ಅಂದ್ರ ನೀವು ನಗತೀರಿ ಅಂತ ನಂದ ಅನ್ನೋ ಹಂಗ ಹೇಳಿದೆ. ಅವನಿಗೂ ಹೇಳ್ಯಾಳ ಅನ್ನೋದು ಪರದೆ ಮ್ಯಾಲ ನೋಡಿದ ಮ್ಯಾಲ ಹೊಳೀತು. ಆಗ ಹೇಳಾಕ ಬಾಯಿ ಬರಲಿಲ್ಲ."

ಶಿವಲೀಲಾ ಚಹಾ ಕುಡಿಯದೇ ಎದ್ದಳು. ನೇರ ಮರಳಿಯ ಬಸ್ಸು ಹತ್ತಿದಳು. ದುರುಗೇಶ ಮನೆಯ ಕಟ್ಟೆಯ ಮೇಲಿದ್ದ. ನಡೆದದ್ದನ್ನೆಲ್ಲ ಹೇಳಿ, "ತಪ್ಪಾತು" ಎಂದಳು.

"ಬಸವಕುಮಾರ ಆವತ್ತು ತಮ್ಮ ಗುಂಪಿಗಿ ಬಾ ಅಂದ. ಒಲ್ಲೆ ಅಂದೆ," ಎಂದ ದುರುಗೇಶ.

"ಅದನ್ನ ನನಗ್ಯಾಕ ಹೇಳಲಿಲ್ಲ?"

"ಕರೆದಿದ್ದು ನಂಬತಿದ್ದಿ. ಒಲ್ಲೆ ಅಂದಿದ್ದು ನಂಬತಿದ್ದಿಯೇನು?"

ಒಳಗಿನಿಂದ ಅವನ ತಾಯಿ ಹೊಳಿಯಮ್ಮ "ಯಾರಪಾ ಅದು, ಒಳಗ ಕರಿ" ಎಂದಳು. ಅವನು ಕರೆದ.

ಮರುದಿನ ಬಸವಕುಮಾರ, ಇಲಿಯಾಸರೂ ಸೇರಿ ಐವರೂ ಸುಕನ್ಯಾ ಮೇಡಂ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಥೆ ಒಂದೇ ಇರಲಿ, ಆಟ ಬೇರೆಯಾಗಿರಲಿ, ಎರಡೂ ಗುಂಪಿನವರು ಅಜ್ಜಿಯ ಹೆಸರು ಹಾಕಿರಿ ಎಂದರು ಮೇಡಂ. "ಹಂಗಾರ ನಾವು ಮೃಗದ ಕಣ್ಣಿಂದ ಆಡಸೋಣು, ಅದಕ್ಕ ನೀರಡಿಕಿ ಆಗೈತಲ್ಲ," ಎಂದವನು ದುರುಗೇಶ. ಎಲ್ಲರಿಗೂ ಅದು ಹಿಡಿಸಿತು.

ಆಟ ಛಲೋ ಬಂತು. ದುರುಗೇಶ ದಿನವೂ ಬಂದ, ಹೇಳಿದ ಕೆಲಸಕ್ಕಿಂತ ಹೆಚ್ಚೇ ಮಾಡಿದ. ಆದರೆ ಶಿವಲೀಲಾ ಏನಾದರೂ ಕೇಳಿದರೆ ಉತ್ತರವನ್ನು ನಾಹೀದಾಳ ಕಡೆ ನೋಡಿ ಹೇಳುತ್ತಿದ್ದ.