ಉಡುಗೊರೆಯಾಗಿ ಹೋದ ಲಿಲ್ಲಿ

ಶುಕ್ರವಾರ ಸಂಜೆ ಕೈಯಾರೆ ಇಟ್ಟು ಹೋಗಿದ್ದ ಬಾಟಲಿ ಸೋಮವಾರ ಬೆಳಿಗ್ಗೆ ಅಲ್ಲಿರಲಿಲ್ಲ.

ಅವಳು ರ‍್ಯಾಕಿನ ಹಿಂದೆ ನೋಡಿದಳು, ಕೆಳಗೆ ನೋಡಿದಳು, ಇರಲಾರದೆಂದು ಗೊತ್ತಿದ್ದೂ ಕಸದ ಬುಟ್ಟಿಯನ್ನೂ ನೋಡಿದಳು. ಅವಳು ಸಂಶೋಧಕಿಯಾಗಿದ್ದ, ಗಿಡದ ಚೂರಿನಿಂದ ಸಸಿ ಬೆಳೆಸುವ ಆ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಬಾಟಲಿಗೇನೂ ಬರವಿರಲಿಲ್ಲ. ಸಾಲುಸಾಲು ಟ್ಯೂಬ್‌ಲೈಟುಗಳ ಕೆಳಗೆ, ಜೆಲ್ಲಿಯಂಥ ಪೋಷಕದಲ್ಲಿ ಬೇರು ಊರಿಕೊಂಡ ಸಸಿಗಳ ಬಾಟಲಿಗಳು ಇನ್ನೂರಕ್ಕೂ ಮೇಲಿದ್ದವು. ಕಾಣೆಯಾದದ್ದು ಮಾತ್ರ ಬಂಡೆ ಲಿಲ್ಲಿ. ಒಂದೇ ಒಂದು ಬೆಟ್ಟದ ಬಿರುಕುಗಳಲ್ಲಿ ಬೆಳೆಯುತ್ತಿದ್ದ ಹೂ ಅದು. ಅದರ ಚೆಂದವೇ ಅದಕ್ಕೆ ಮುಳುವಾಗಿತ್ತು. ತೋಟದ ಶೋಕಿಯವರಿಗೆ ಮಾರುವ ಜನ ಗೆಡ್ಡೆಸಮೇತ ಕಿತ್ತು ಕಿತ್ತು, ಬೆಟ್ಟ ಬರಿದಾಗಿ ಎರಡು ವರ್ಷವಾಗಿತ್ತು. ಅರಣ್ಯ ಕಾವಲಿನವರು ಕಳ್ಳರಿಂದ ಕಿತ್ತುಕೊಂಡು ತಂದುಕೊಟ್ಟ ಮೂರು ಗೆಡ್ಡೆಗಳೇ ಅವಳ ಬಂಡವಾಳ.

ಆ ಮೂರರಿಂದ ಸಸಿ ಎಬ್ಬಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಗೆಡ್ಡೆಯೊಳಗೇ ಯಾವುದೋ ಬ್ಯಾಕ್ಟೀರಿಯಾ ಅಡಗಿ ಕೂತಿತ್ತು. ತಿಂಗಳುಗಟ್ಟಲೆ ಸುಮ್ಮನಿದ್ದು, ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಬಾಟಲಿಯ ತಳದಲ್ಲಿ ಹಾಲು ಚೆಲ್ಲಿದಂತೆ ಹರಡಿಕೊಳ್ಳುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಅರವತ್ತು ಬಾಟಲಿ ಹಾಗೆ ಹಾಳಾಗಿದ್ದವು. ಒಂದೇ ಒಂದು, ಹೊರಗಾಳಿ ತಾಗದಂತೆ ಮುಚ್ಚಳ ಬಿಗಿದುಕೊಂಡು, ಶುದ್ಧವಾಗಿ ಉಳಿದಿತ್ತು.

ಅವಳು ನೇರ ನಿರ್ದೇಶಕರ ಕೋಣೆಗೆ ನುಗ್ಗಿದಳು.

"ಅಯ್ಯೋ, ಅದಾ?" ಅಂದರು ಅವರು, ಕನ್ನಡಕ ಒರೆಸುತ್ತಾ. "ಶನಿವಾರದ ಸಮಾರಂಭಕ್ಕೆ ಜಡ್ಜ್ ಸಾಹೇಬ್ರು ಬಂದಿದ್ರಲ್ಲ, ಅವರಿಗೆ ಕೊಟ್ಟೆ. ಹಾರ-ಗೀರ ಯಾಕೆ, ನಮ್ಮದೇ ಒಂದು ನೆನಪಿರ್ಲಿ ಅಂತ. ಎಷ್ಟು ಖುಷಿಪಟ್ರು ಗೊತ್ತಾ?"

"ಸರ್, ಅದು ಒಂದೇ ಇದ್ದಿದ್ದು."

"ಒಂದೇ ಏನಮ್ಮ, ಇನ್ನೂರಿವೆ!"

"ಆ ಇನ್ನೂರು ಬೇರೆ, ಅದು ಬೇರೆ."

"ನನ್ ಕಣ್ಣಿಗೆ ಎಲ್ಲಾ ಹಸಿರೇ. ಅಲ್ಲದೆ ಅದು ಅತಿಥಿಗಳಿಗೆ ತೋರಿಸೋ ರ‍್ಯಾಕಲ್ಲೇ ಇತ್ತು. ಅಲ್ಲಿ ಇಟ್ಟೋರ‍್ಯಾರು?"

ಇಟ್ಟವಳು ಅವಳೇ. ಶುಕ್ರವಾರ ಮೂರನೇ ರ‍್ಯಾಕಿನ ದೀಪ ಮಿಣುಕತೊಡಗಿದ್ದಕ್ಕೆ ಬಾಟಲಿಯನ್ನು ಬಾಗಿಲ ಪಕ್ಕಕ್ಕೆ ಸರಿಸಿದ್ದಳು. 'ಮುಟ್ಟಬೇಡಿ' ಎಂಬ ಚೀಟಿ ಸೋಮವಾರ ಅಂಟಿಸಿದರಾಯಿತು ಅಂದುಕೊಂಡಿದ್ದಳು. ಮೈಯೆಲ್ಲ ಉರಿಯುತ್ತಿದ್ದವಳಿಗೆ ಅರ್ಧ ಬೆಂಕಿ ತನ್ನ ಮೇಲೇ ತಿರುಗಿತು. ಅದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ನಿವೃತ್ತ ಜಡ್ಜರ ಫೋನು ಆಫ್ ಆಗಿತ್ತು. ಕಚೇರಿಯ ಜೀಪು ರಿಪೇರಿಗೆ ಹೋಗಿತ್ತು. ಅವಳು ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಛಾವಣಿಯ ಮೇಲೆ ಬೋರ್ಡು ಹೊತ್ತ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಬಂದಳು. ಹೊರಟ ಮೇಲೆ ಮಾತ್ರ ಕಾರು ತೆವಳತೊಡಗಿತು. ಸೈಕಲ್ಲುಗಳೂ ಇವರನ್ನು ಹಿಂದೆ ಹಾಕಿದವು.

"ಅಕ್ಕ, ಸ್ವಲ್ಪ ಜೋರಾಗಿ ಓಡ್ಸೇ!"

"ಈ ರಸ್ತೇಲಿ ಮೂವತ್ತೇ. ನಾನೇ ತಪ್ಪಿದ್ರೆ ಕಲಿಯೋರಿಗೆ ಏನು ಹೇಳ್ಲಿ?"

"ಕಾರಲ್ಲಿ ಕಲಿಯೋರು ಯಾರಿದ್ದಾರೆ ಈಗ?"

"ನೀನಿದ್ದೀಯಲ್ಲ. ಹದಿನೈದು ವರ್ಷದಿಂದ ಲೈಸೆನ್ಸ್ ತಗೋ ಅಂತ ಬಡ್ಕೋತಿದ್ದೀನಿ. ತಗೊಂಡಿದ್ರೆ ಇವತ್ತು ನೀನೇ ಹಾರ‍್ಕೊಂಡು ಹೋಗ್ಬಹುದಿತ್ತು."

ಅವಳು ಜಡ್ಜರಿಗೆ ಹೇಳಬೇಕಾದ ವಿನಯದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದಳು. ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದು ಮಾತು ಉದುರಿಹೋಯಿತು.

ಬಾಗಿಲು ತೆಗೆದವರು ಜಡ್ಜರೇ. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ತೀರಾ ಹೆಚ್ಚಿನ ತಾಳ್ಮೆಯಿಂದ.

"ಕೊಟ್ಟ ಉಡುಗೊರೆ ವಾಪಸ್ ಕೇಳ್ತಿದ್ದೀರಿ. ಯಾವ ಆಧಾರದ ಮೇಲೆ?"

"ಕೊಟ್ಟವರಿಗೆ ಅದನ್ನ ಕೊಡೋ ಹಕ್ಕೇ ಇರ್ಲಿಲ್ಲ ಸರ್."

ಜಡ್ಜರು ಒಂದು ಕ್ಷಣ ಯೋಚಿಸಿದರು. "ಅದು ಸರಿಯಾದ ವಾದ. ಒಳಗೆ ಬನ್ನಿ."

ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿತ್ತು. ಮುಚ್ಚಳ ಪಕ್ಕದಲ್ಲಿತ್ತು. ಜೆಲ್ಲಿಯ ಮೇಲೆ ನಲ್ಲಿನೀರು ನಿಂತಿತ್ತು. ಎಲೆಗಳ ಬುಡದಲ್ಲಿ ಬಿಳಿ ಬೂಷ್ಟು ಹತ್ತಿಯ ಹಾಗೆ ಅರಳಿ ಕೂತಿತ್ತು.

"ಪಾಪ, ಉಸಿರುಗಟ್ಟಿದ ಹಾಗಿತ್ತು ಕಣಮ್ಮ," ಅಂದರು ಜಡ್ಜರ ಹೆಂಡತಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. "ಮುಚ್ಚಳ ತೆಗೆದೆ. ಎರಡು ಚಮಚ ನೀರೂ ಹಾಕ್ದೆ. ಎರಡು ದಿನದಿಂದ ಬೆಳಿಗ್ಗೆ ಎದ್ದು ಮೊದಲು ಇದನ್ನೇ ಮಾತಾಡಿಸೋದು ನಾನು."

"ಉಸಿರು ಕೊಟ್ಟೇ ಕೊಂದ್ರಿ ನೀವು!" ಅಂದುಬಿಟ್ಟಳು ಅವಳು.

ಆಕೆಯ ಕೈ ಬಾಯಿಗೆ ಹೋಯಿತು. ಅಕ್ಕ ಹಿಂದಿನಿಂದ ತಂಗಿಯ ತೋಳನ್ನು ಚಿವುಟಿದಳು. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳಲ್ಲಿ ಆ ಹೊತ್ತಿಗೆ ಉಳಿದಿರಲಿಲ್ಲ. ಮುಚ್ಚಳ ತಿರುಗಿಸಿ, ಬಾಟಲಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ವಾಪಸ್ ಬರುವಾಗ ಅಕ್ಕನ ಸ್ಪೀಡೋಮೀಟರಿನ ಮುಳ್ಳು ನಲವತ್ತೆಂಟಕ್ಕೆ ಏರಿತ್ತು.

ಪ್ರಯೋಗಾಲಯದಲ್ಲಿ ಗಾಳಿ ಸೋಸುವ ಪೆಟ್ಟಿಗೆಯ ಮುಂದೆ ಕೂತು ಅವಳು ಸಸಿಯನ್ನು ಹೊರತೆಗೆದಳು. ಎಲೆಗಳ ಆಸೆ ಬಿಟ್ಟಳು. ಬುಡದಲ್ಲಿ ಬಟಾಣಿಕಾಳಿನಷ್ಟು ದಪ್ಪದ ನಾಲ್ಕು ಗೆಡ್ಡೆಗಳಿದ್ದವು, ಗಟ್ಟಿಯಾಗಿಯೇ ಇದ್ದವು. ಬೂಷ್ಟು ಮೇಲೇ ಇದ್ದರೆ ಒಳಗಿನದು ಉಳಿದೀತು. ಬ್ಲೀಚಿನ ನೀರಿನಲ್ಲಿ ಅದ್ದಿದಳು, ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆದಳು, ಚಿಮಟ ಮತ್ತು ಬ್ಲೇಡನ್ನು ಉರಿಗೆ ಹಿಡಿದು ಗೆಡ್ಡೆಯ ಹೊರಗಿನ, ಬೆಳ್ಳುಳ್ಳಿಯಂಥ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಎಸೆದಳು. ಹೆಚ್ಚು ಹೊತ್ತು ಬ್ಲೀಚಿನಲ್ಲಿಟ್ಟರೆ ಗೆಡ್ಡೆ ಸಾಯುತ್ತದೆ, ಕಡಿಮೆಯಾದರೆ ಬೂಷ್ಟು ಸಾಯುವುದಿಲ್ಲ. ಈ ಕೆಲಸದಲ್ಲಿ ಎಲ್ಲವೂ ಹಾಗೇ, ಅತ್ತ ದರಿ ಇತ್ತ ಪುಲಿ.

ನಿರ್ದೇಶಕರು ಬಾಗಿಲಲ್ಲಿ ಇಣುಕಿದರು. "ಸಿಕ್ತಲ್ಲಮ್ಮ! ನಾನು ಹೇಳ್ಲಿಲ್ವಾ?"

"ಬಾಗಿಲು ಹಾಕಿ ಸರ್."

"ಅಲ್ಲ, ನಾನು ಏನು—"

"ದೂಳು ಬರುತ್ತೆ. ಬಾಗಿಲು ಹಾಕಿ."

ಕಡೆಗೆ ಒಳಗಿನ ಎಸಳುಗಳಿಂದ ಹನ್ನೊಂದು ಚೂರು ಸಿಕ್ಕವು. ಹನ್ನೊಂದು ನಳಿಕೆಗಳಲ್ಲಿ ನೆಟ್ಟಳು. ಮೂರನೇ ದಿನಕ್ಕೆ ಐದರಲ್ಲಿ ಬೂಷ್ಟು ಬಂತು. ವಾರ ಮುಗಿಯುವಷ್ಟರಲ್ಲಿ ಇನ್ನೂ ನಾಲ್ಕು ಕಪ್ಪಗಾಗಿ ಕೊಳೆತವು. ಎರಡು ಉಳಿದವು. ಅವಳು ಅಂಗಡಿಯಿಂದ ಬೀಗ ತಂದು ಸಸಿ ಬೆಳೆಸುವ ಕೋಣೆಗೆ ಜಡಿದಳು. ನಿರ್ದೇಶಕರು ಕೀ ಕೇಳಿದಾಗ, "ಅತಿಥಿಗಳು ಬಂದಾಗ ನನ್ನನ್ನೇ ಕರೀರಿ, ನಾನೇ ತೋರಿಸ್ತೀನಿ," ಅಂದಳು. ಅವರು ಗೊಣಗಿದರು; ಕೀ ಅವಳ ಜೇಬಿನಲ್ಲೇ ಉಳಿಯಿತು.

ಜಡ್ಜರ ಹೆಂಡತಿಯ ಕಾಟ ಶುರುವಾಗಿದ್ದು ಆಮೇಲೆ. ಎಲ್ಲಿಂದಲೋ ನಂಬರು ಹಿಡಿದು ದಿನಾ ಸಂಜೆ ಐದಕ್ಕೆ ಸರಿಯಾಗಿ ಫೋನು ಮಾಡುವರು.

"ಹೇಗಿದೆಯಮ್ಮ ಅದು?"

"ನಿನ್ನೆ ಇದ್ದ ಹಾಗೇ ಇದೆ. ಇದೇನು ಮೂಲಂಗಿ ಅಲ್ಲಮ್ಮ, ದಿನಾ ಬೆಳೆಯೋಕೆ. ಏನಾದ್ರೂ ಆದ್ರೆ ನಾನೇ ಹೇಳ್ತೀನಿ."

ಮರುದಿನ ಐದಕ್ಕೆ ಮತ್ತೆ ಫೋನು. "ಬೇಜಾರು ಮಾಡ್ಕೋಬೇಡಮ್ಮ, ಹೇಗಿದೆ?"

ಅವಳು ಅಕ್ಕನ ಹತ್ತಿರ ಗೋಳಾಡಿದಳು, ಫೋನು ಎತ್ತದೆ ನೋಡಿದಳು, ಕೆಲಸವಿದೆ ಎಂದು ಸುಳ್ಳು ಹೇಳಿದಳು. ಆಕೆ ಜಗ್ಗಲಿಲ್ಲ.

ಐದನೇ ವಾರದ ಗುರುವಾರ ಒಂದು ನಳಿಕೆಯಲ್ಲಿ, ಎಸಳಿನ ಬುಡದಲ್ಲಿ, ಸಾಸಿವೆಕಾಳಿನಷ್ಟು ಹಸಿರು ಗಂಟು, ಹೊಸ ಮೊಳಕೆ, ಕಾಣಿಸಿತು. ಅವಳು ಭೂತಗನ್ನಡಿ ಹಿಡಿದು ನೋಡಿದಳು. ಜೆಲ್ಲಿ ಗಾಜಿನಷ್ಟೇ ತಿಳಿಯಾಗಿತ್ತು, ತಳದಲ್ಲಿ ಹಾಲಿನಂಥ ಬಿಳುಪು ಎಲ್ಲೂ ಇರಲಿಲ್ಲ. ಕುರ್ಚಿ ಎಳೆದು ಕೂತಳು. ಗಂಟೆ ಐದಾಯಿತು, ಐದೂಕಾಲಾಯಿತು, ಫೋನು ಮಾತ್ರ ಬರಲಿಲ್ಲ.

"ಬೇಡದ ದಿನ ಮಾಡ್ತಾರೆ, ಬೇಕಾದ ದಿನ ಮಾಡಲ್ಲ," ಎಂದು ರೇಗಿಕೊಳ್ಳುತ್ತಾ ಅವಳೇ ನಂಬರು ಒತ್ತಿದಳು.

"ಅಮ್ಮಾ, ನಾನು. ಅವತ್ತು ಹಾಗಂದಿದ್ದು ತಪ್ಪಾಯ್ತು. ಈಗ ಒಂದು ವಿಷಯ ಹೇಳ್ತೀನಿ, ಕೂತ್ಕೊಂಡು ಕೇಳಿ."